ಓದಿ ನೋಡಿ ಪ್ರಿಂಟ್ ಹಾಕೋ ಅಂಗಡಿ: ಕೊಪ್ಪಳದಾಗ ಲಿಯೋ ಬೇಕ್ ಬೋರ್ಡ್ ಮಾಡಿಸಿದ ಅನುಭವ

ಐದಕ್ಕ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕ ಕಟ್ ಮಾಡೀನಿ ಅಂತ ಮುಂದ ಹೇಳ್ತೀನಿ, ಮೊದ್ಲ ಅಂಗಡಿ ಬಗ್ಗೆ ಹೇಳಿಬಿಡ್ತೀನಿ. ಕೊಪ್ಪಳದಾಗ ಗವಿಮಠದ ಕಡೆ ಹೋಗೋ ದಾರ್ಯಾಗ ಒಂದ್ ಶಟರಿನ ಡಿಟಿಪಿ ಅಂಗಡಿ, ಹೊರಗ ಝೆರಾಕ್ಸ್ ಮಷಿನ್, ಒಳಗ ಎರಡು ಕಂಪ್ಯೂಟರ್, ಗ್ವಾಡಿ ತುಂಬ ಲಗ್ನಪತ್ರಿಕೆ ಸ್ಯಾಂಪಲ್ಲು. ಹೆಸರು ಹಾಕಬ್ಯಾಡ್ರಿ ಅಂತ ಅಂಗಡಿ ಅಣ್ಣಾರು ಕೈ ಮುಗದು ಹೇಳ್ಯಾರ, ಇರೋ ಕೆಲಸಾನ ಮುಗಸಾಕ ಆಗವಲ್ದು, ಇನ್ನ ಮಂದಿ ಬಂದ್ರ ಹೆಂಗ ಮಾಡ್ಲಿ ಅಂತ. ಅದಕ್ಕ ಹೆಸರು ಬರಿಯಂಗಿಲ್ಲ, ಆದ್ರ ಲಿಯೋ ಬೇಕ್ ಅನ್ನೋ ಜರ್ಮನಿ ಯಹೂದಿ ಗುರುವಿನ ಬಗ್ಗೆ ನಮ್ಮ ಸಾಲಿಗೆ ಅವರು ಮಾಡಿಕೊಟ್ಟ ಬೋರ್ಡಿನ ಕೆಲಸ ನನಗ ಬರೀಲಾರದ ಬಿಡಾಕ ಮನಸ್ಸು ಆಗವಲ್ದು.

ನಾನು ಇಲ್ಲೇ ಹತ್ರದ ಹಳ್ಳಿ ಸರ್ಕಾರಿ ಹೈಸ್ಕೂಲಿನಾಗ ಸಮಾಜ ವಿಜ್ಞಾನ ಟೀಚರ್. ಹತ್ತನೇತ್ತಕ್ಕ ಮಹಾಯುದ್ಧದ ಪಾಠ ಐತಿ, ಹಿಟ್ಲರ್ ಬರ್ತಾನ. ಈ ಸಲ ಪಾಠ ಮಾಡೋವಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು "ಟೀಚರ್ ಹಿಟ್ಲರ್ ಭಾಳ ಖಡಕ್ ಇದ್ದ ಅಲ್ರಿ, ಅಂಥವರು ಇದ್ರ ಎಲ್ಲಾ ಸರಿ ಇರ್ತತಿ" ಅಂದ. ಹುಡುಗ ಕೆಟ್ಟಾಂವ ಅಲ್ಲ, ಮನ್ಯಾಗ ಕುರಿ ಕಾಯ್ಕೊಂಡು ಸಾಲಿಗೆ ಬರ್ತಾನ, ಅವನ ಮ್ಯಾಲ ನನಗ ಸಿಟ್ಟು ಬರ್ಲಿಲ್ಲ. ನಮ್ಮ ಊರಾಗ ಬೆತ್ತ ಹಿಡಿಯೋ ಹೆಡ್‌ಮಾಸ್ತರಿಗೆ ಹಿಟ್ಲರ್ ಅಂತ ಅಡ್ಡಹೆಸರು ಇಡೋದು ನಾ ಸಣ್ಣಾಕಿದ್ದಾಗಿಂದ ಕೇಳೀನಿ, ಅದನ್ನ ಕೇಳಿ ಬೆಳದ ಹುಡುಗ ಇನ್ನೇನ್ ಅಂತಾನ. ಪಾಠದಾಗ 60 ಲಕ್ಷ ಯಹೂದಿಗಳನ್ನ ಕೊಂದ್ರು ಅಂತ ಬರ್ತತಿ, ಆದ್ರ ಆ 60 ಲಕ್ಷದಾಗ ಒಬ್ಬರದ್ದೂ ಮುಖ ಹುಡುಗ್ರಿಗೆ ಗೊತ್ತಿಲ್ಲ, ಕೊಂದವನ ಮುಖ ಮಾತ್ರ ಎಲ್ಲಾರಿಗೂ ಗೊತ್ತು, ಮೀಸಿ ಸಮೇತ. ಅವತ್ತ ರಾತ್ರಿ ನನಗ ಅದ ತಲ್ಯಾಗ ತಿರಗಾಕತ್ತಿತ್ತು.

ಅದಕ್ಕ ಒಬ್ಬರದ್ದಾದ್ರೂ ಮುಖ ತೋರಸ್ಬೇಕು ಅಂತ ಲಿಯೋ ಬೇಕ್ ಅವರನ್ನ ಆರಿಸಿಕೊಂಡೆ. ಬಂದೂಕು ಹಿಡದವರು ಅಲ್ಲ. ಬರ್ಲಿನ್ನಿನಾಗ ರಬ್ಬಿ ಆಗಿದ್ರು, ರಬ್ಬಿ ಅಂದ್ರ ಯಹೂದಿಗಳ ಧರ್ಮಗುರು, ಪಾಠ ಹೇಳೋರು. 1933ರಾಗ ಹಿಟ್ಲರ್ ಅಧಿಕಾರಕ್ಕ ಬಂದಾಗ ಇವರಿಗೆ 60 ಆಗ್ಲಿಕ್ಕತ್ತಿತ್ತು, ನಮ್ಮ ಇಲಾಖ್ಯಾಗ ಹಾರ ಹಾಕಿ ಮನಿಗೆ ಕಳಸೋ ವಯಸ್ಸು. ಆ ವಯಸ್ಸಿನಾಗ ಆ ಮನುಷ್ಯಾ ಇಡೀ ಜರ್ಮನಿ ಯಹೂದಿಗಳ ಪ್ರತಿನಿಧಿ ಸಂಸ್ಥೆಗೆ ಅಧ್ಯಕ್ಷ ಆದ್ರು. ಆರು ಬೋರ್ಡ್ ಮಾಡಿಸೋಣ, ಜನವರಿ 27ಕ್ಕ ಸಾಲ್ಯಾಗ ನಿಲ್ಲಸೋಣ ಅಂತ ಹೆಡ್‌ಮಾಸ್ತರ ಹತ್ರ ಒಪ್ಪಿಗಿ ತಗೊಂಡೆ. 27 ಯಾಕಂದ್ರ 1945ರಾಗ, ಹಿಟ್ಲರನ ಮಂದಿ ಯಹೂದಿಗಳನ್ನ ಕೂಡಿಹಾಕಿ ಕೊಲ್ತಿದ್ದ ಆಶ್ವಿಟ್ಜ್ ಶಿಬಿರ ಬಿಡುಗಡೆ ಆದ ದಿನ, 2005ರಾಗ ವಿಶ್ವಸಂಸ್ಥೆ ಅದನ್ನ ಸ್ಮರಣೆ ದಿನ ಅಂತ ಘೋಷಣೆ ಮಾಡ್ಯದ. ಇನ್ನೂ ಒಂದು ಐತಿ, 1943ರ ಜನವರಿ 27ನೇ ತಾರೀಖಿಗೆ ಪೊಲೀಸರು ಲಿಯೋ ಬೇಕ್ ಅವರ ಮನಿಗೆ ಬಂದು ಹಿಡಕೊಂಡು ಹೋಗಿದ್ರು. ಎರಡು ವರ್ಷದ ಅಂತರ, ಒಂದ ತಾರೀಖು.

ಮೊದ್ಲ ಬ್ಯಾರೆ ಒಂದ್ ಅಂಗಡಿಗೆ ಹೋಗಿದ್ದೆ, ದೊಡ್ಡದು, ಎಸಿ ಐತಿ. ಅಲ್ಲಿ ಡಿಸೈನ್ ಮಾಡೋ ಹುಡುಗ ಮರುದಿನ ಸ್ಯಾಂಪಲ್ ಕಳಿಸಿದ, ತಗದು ನೋಡಿದ್ರ ಬೋರ್ಡಿನ ನಡುವ ಹಿಟ್ಲರ್ ಫೋಟೋ, ಕೈ ಮುಂದ ಚಾಚಿದ್ದು, ಆಳೆತ್ತರ, ಲಿಯೋ ಬೇಕ್ ಮೂಲ್ಯಾಗ ಸ್ಟಾಂಪ್ ಸೈಜು. ಯಾಕಪ್ಪಾ ಹಿಂಗ ಅಂದ್ರ "ಮೇಡಂ ಮಂದಿ ನಿಂತು ನೋಡಬೇಕಂದ್ರ ಹಿಟ್ಲರ್ ಬೇಕ್ರಿ, ಈ ಅಜ್ಜನ್ನ ಯಾರು ನೋಡ್ತಾರ" ಅಂದ. ನಾನು ಅಡ್ವಾನ್ಸ್ ವಾಪಸ್ ಕೇಳ್ಲಿಲ್ಲ, ಫೈಲ್ ಅಷ್ಟ ಡಿಲೀಟ್ ಮಾಡು ಅಂತ ಹೇಳಿ ಬಂದೆ.

ಆಮ್ಯಾಲ ಈ ಅಂಗಡಿ. ಇಲ್ಲಿ ಅಣ್ಣಾರು ಮೊದ್ಲ ಕೇಳಿದ್ದು ಸೈಜ್ ಎಷ್ಟು ಅಂತ ಅಲ್ಲ, "ಇವರು ಯಾರ್ರಿ ಅಕ್ಕಾರ" ಅಂತ. ನಾನು ಮೊಬೈಲಿನಾಗ ಟೈಪ್ ಮಾಡಿದ್ದ ಎಂಟು ಪೇಜ್ ಕಳಿಸಿದ್ದೆ, ಅವರು ಕುರ್ಚಿ ಮ್ಯಾಲ ಕುಂತು ಪೂರ್ತಿ ಓದಿದ್ರು, ಗಿರಾಕಿ ಬಂದ್ರ ಎದ್ದು ಝೆರಾಕ್ಸ್ ತಗದು ಕೊಟ್ಟು ಮತ್ತ ಬಂದು ಓದಿದ್ರು. ಓದಿ ಮುಗಿಸಿ ಹೇಳಿದ್ದು ಇದು: ನೀವು ಬೆಕ್ ಅಂತ ಬರದೀರಿ, ಹುಡುಗ್ರು ಬೆಕ್ಕು ಅಂತ ಓದ್ತಾವು, ಅಲ್ಲಿಗೆ ಎಲ್ಲಾ ಮುಗೀತು, ದೀರ್ಘ ಕೊಡ್ರಿ. ಜರ್ಮನ್ ಉಚ್ಚಾರ ಬೆಕ್ ಅಂತನ ಇದ್ರೂ ಅವರ ಮಾತು ಖರೇ ಅನಿಸ್ತು, ಬೇಕ್ ಅಂತ ಮಾಡಿದ್ವಿ. ಇಪ್ಪತ್ತು ವರ್ಷ ಅಕ್ಷರದ ಜೊತಿ ಕುಂತ ಮನುಷ್ಯಾಗ ಅಷ್ಟ ಇದು ಹೊಳೀತತಿ.

ಇನ್ನ ತಪ್ಪಿನ ವಿಷಯ. ನಾ ಕಳಿಸಿದ್ದು ಯೂನಿಕೋಡ್, ಅವರ ಹತ್ರ ಇರೋದು ಹಳೇ ಕೋರಲ್ ಡ್ರಾ ಅನ್ನೋ ಡಿಸೈನ್ ಸಾಫ್ಟ್ವೇರು, ಅದು ನುಡಿ ಫಾಂಟ್ ಬಿಟ್ರ ಬ್ಯಾರೆ ಕನ್ನಡ ಹಿಡಿಯಂಗಿಲ್ಲ. ಕನ್ವರ್ಟ್ ಮಾಡಿದ್ರ ಅರ್ಕಾವತ್ತು ಎಲ್ಲಾ ಹಾರಿ ಕುಂತಿದ್ವು. ಜರ್ಮನಿ ಹೋಗಿ ಜಮರ್ನಿ, ವರ್ಷ ಹೋಗಿ ವಷರ್, ಧರ್ಮ ಹೋಗಿ ಧಮರ್. ಇಡೀ ಮ್ಯಾಟರಿನಾಗ ಜರ್ಮನಿ ಅನ್ನೋ ಶಬ್ದ ಎಷ್ಟು ಸಲ ಬರ್ತತಿ ಅಂತ ನಿಮಗ ಗೊತ್ತಾಗ್ತತಿ, ಒಂದೊಂದ ಕೈಲೆ ತಿದ್ದಬೇಕಾತು. ಮೊದ್ಲನೇ ಪ್ರೂಫಿನಾಗ ನಾ ಲೆಕ್ಕ ಹಾಕಿದ್ದು ನಲವತ್ತಕ್ಕ ಮ್ಯಾಲ ತಪ್ಪು, ಎರಡನೇದರಾಗ ಹನ್ನೊಂದು, ಮೂರನೇದಕ್ಕ ಸರಿ ಆತು. ಒಂದು ಸ್ಟಾರ್ ಹೋಗಿದ್ದು ಅರ್ಧ ಇದಕ್ಕ. ನೀವು ಹೋದ್ರ ದಯಮಾಡಿ ಪ್ರೂಫ್ ಪೇಪರ್ ಮ್ಯಾಲ ತಗಿಸಿ ಓದ್ರಿ, ಮೊಬೈಲಿನಾಗ ನೋಡಿ ಓಕೆ ಅನ್ನಬ್ಯಾಡ್ರಿ.

ಆದ್ರ ಎರಡನೇ ಪ್ರೂಫ್ ತಿದ್ದೋವಾಗ ಆದದ್ದು ಒಂದು ಐತಿ, ಅದನ್ನ ಹೇಳಾಕಂತನ ಈ ರಿವ್ಯೂ ಬರಿಯಾಕತ್ತೀನಿ ಅಂದ್ರೂ ನಡೀತತಿ.

ಎರಡನೇ ಬೋರ್ಡಿನಾಗ ನಾನು 1933ರ ಸೆಪ್ಟೆಂಬರಿನಾಗ ಶುರು ಆದ ಸಂಸ್ಥೆ ಹೆಸರು "ಜರ್ಮನ್ ಯಹೂದಿಗಳ ರಾಷ್ಟ್ರೀಯ ಪ್ರತಿನಿಧಿ ಸಂಸ್ಥೆ" ಅಂತ ಬರದಿದ್ದೆ. ಮೂರನೇ ಬೋರ್ಡಿನಾಗ, 1935ರ ಸುದ್ದಿಯೊಳಗ, "ಜರ್ಮನಿಯಲ್ಲಿರುವ ಯಹೂದಿಗಳ ರಾಷ್ಟ್ರೀಯ ಪ್ರತಿನಿಧಿ ಸಂಸ್ಥೆ" ಅಂತ. ಅಣ್ಣಾರು ಇದು ನನ್ನ ಕೈ ತಪ್ಪು ಅಂತ ತಿಳಕೊಂಡು ಎರಡೂ ಕಡೆ ಒಂದ ನಮೂನಿ ಮಾಡಿಬಿಟ್ಟಿದ್ರು. ಅಣ್ಣಾರ ಇದು ತಪ್ಪಲ್ರಿ, ಹೆಸರ ಬದಲಾತ್ರಿ ಅಂದೆ. ಅವರಿಗೆ ತಿಳೀಲಿಲ್ಲ, ಒಂದ ಅರ್ಥ ಅಲ್ರಿ ಎರಡೂ ಅಂದ್ರು. ಆಗ ಕುಂತು ಹೇಳಿದೆ. ಜರ್ಮನಿಯೊಳಗ ಯಹೂದಿಗಳು ನೂರಾರು ವರ್ಷದಿಂದ ಇದ್ದವರು, 1933ರಾಗ ಸುಮಾರು 5 ಲಕ್ಷ ಮಂದಿ, ದೇಶದ ಜನಸಂಖ್ಯೆಗೆ ನೂರಕ್ಕ ಒಬ್ಬರೂ ಆಗಂಗಿಲ್ಲ. ಮೊದಲನೇ ಮಹಾಯುದ್ಧದಾಗ ಜರ್ಮನಿ ಪರವಾಗಿ ಹೋರಾಡಿ ಸುಮಾರು 12,000 ಯಹೂದಿ ಸೈನಿಕರು ಸತ್ತಾರ, ಇದ ಲಿಯೋ ಬೇಕ್ ಆ ಯುದ್ಧದಾಗ ಜರ್ಮನ್ ಸೈನ್ಯದ ಜೊತಿ ಧರ್ಮಗುರು ಆಗಿ ಹೋಗಿದ್ರು. ಅಂಥ ಮಂದಿಗೆ 1935ರ ಸೆಪ್ಟೆಂಬರಿನಾಗ ನ್ಯೂರೆಂಬರ್ಗ್ ಕಾನೂನು ತಂದು ನೀವು ಪೌರರ ಅಲ್ಲ ಅಂದ್ರು. ಮದುವಿ ಯಾರನ್ನ ಆಗಬೇಕು ಯಾರನ್ನ ಆಗಬಾರ್ದು ಅಂತ ಕಾನೂನು ಮಾಡಿದ್ರು. ಆಮ್ಯಾಲ ನಿಮ್ಮ ಸಂಸ್ಥೆ ಹೆಸರಿನಾಗ "ಜರ್ಮನ್ ಯಹೂದಿಗಳು" ಅಂತ ಇರಬಾರ್ದು, "ಜರ್ಮನಿಯಲ್ಲಿರುವ ಯಹೂದಿಗಳು" ಅಂತ ಇಟ್ಕೊಳ್ರಿ ಅಂತ ಬದಲ ಮಾಡಸಿದ್ರು. ಅಂದ್ರ ನೀವು ಇಲ್ಲಿಯವರಲ್ಲ, ಇಲ್ಲಿ ಇದ್ದೀರಿ ಅಷ್ಟ.

ಅಣ್ಣಾರು ಮೌಸ್ ಬಿಟ್ಟು ಕುಂತ್ರು. ಅವರು ದಿನಾ ಪಹಣಿ ಅರ್ಜಿ, ವಾಟ್ನಿ ಪತ್ರ, ಖರೀದಿ ಪತ್ರ ಟೈಪ್ ಮಾಡೋ ಮನುಷ್ಯಾ. "ಅಂದ್ರ ಪಹಣ್ಯಾಗ ಒಂಬತ್ತನೇ ಕಾಲಂನಾಗಿದ್ದ ಹೆಸರು ತಗದು ಹನ್ನೆರಡನೇ ಕಾಲಂಗೆ ಹಾಕಿದಂಗ ಆತಲ್ರಿ ಅಕ್ಕಾರ" ಅಂದ್ರು. ಹೊಲ ಇದ್ದವರಿಗೆ ಗೊತ್ತಿರ್ತತಿ, ಒಂಬತ್ತು ಅಂದ್ರ ಮಾಲೀಕ, ಹನ್ನೆರಡು ಅಂದ್ರ ಸಾಗುವಳಿ ಮಾಡಾಂವ. ನಾನು ಇಪ್ಪತ್ತು ನಿಮಿಷ ಹೇಳಿದ್ದನ್ನ ಅವರು ಎರಡು ಕಾಲಂನಾಗ ಹೇಳಿದ್ರು, ಮುಂದ ಕ್ಲಾಸಿನಾಗ ನಾನೂ ಹಂಗ ಹೇಳಿದೆ, ಎಲ್ಲಾ ಹುಡುಗ್ರಿಗೂ ಹೊಲದ ಮಾತು ತಿಳೀತತಿ. ಆಮ್ಯಾಲ ಅವರ ಸ್ವಂತ ತಲಿ ಓಡಿಸಿ ಆ ಎರಡು ಹೆಸರನ್ನ ಒಂದರ ಕೆಳಗ ಒಂದು ದಪ್ಪ ಅಕ್ಷರದಾಗ ಇಟ್ಟು, ಬದಲಾದ ಶಬ್ದ ಅಷ್ಟ ಕೆಂಪು ಮಾಡಿದ್ರು. ಪ್ರದರ್ಶನದಾಗ ಹೆಚ್ಚು ಮಂದಿ ನಿಂತು ಓದಿದ್ದು ಆ ಎರಡು ಸಾಲು.

ಸ್ವಸ್ತಿಕದ ವಿಷಯಾನೂ ಹೇಳಲೇಬೇಕು, ಬ್ಯಾರೆ ಟೀಚರ್‌ಗಳಿಗೆ ಉಪಯೋಗ ಆಗ್ತತಿ. ಅಂಗಡ್ಯಾಗ ಕೆಲಸ ಮಾಡೋ ಹುಡುಗ, ಪಿಯುಸಿ ಮುಗಿಸಿ ಕಲಿಯಾಕ ಬಂದಾಂವ, ನಾಜಿ ಅನ್ನೋ ಶಬ್ದ ನೋಡಿ ಲಗ್ನಪತ್ರಿಕೆ ಫೋಲ್ಡರಿನಾಗಿಂದ ಸ್ವಸ್ತಿಕ ತಗದು ಮೂಲ್ಯಾಗ ಹಚ್ಚಿದ್ದ, ಅರಿಶಿನ ಬಣ್ಣದ್ದು, ನಾಲ್ಕು ಚುಕ್ಕಿ ಸಮೇತ. ನಮ್ಮ ಮನಿ ಹೊಸ್ತಿಲ ಮ್ಯಾಲ, ದೀಪಾವಳಿ ಲೆಕ್ಕದ ಪುಸ್ತಕದ ಮ್ಯಾಲ ಬರಿಯೋ ಸ್ವಸ್ತಿಕ ಅದು. ನಾಜಿಗಳು, ಅಂದ್ರ ಹಿಟ್ಲರನ ಪಕ್ಷದವರು, ತಮ್ಮ ಗುರುತಿಗೆ ಕರೀತಿದ್ದ ಹೆಸರು ಹಾಕೆನ್‌ಕ್ರಾಯ್ಟ್ಸ್, ಅಂದ್ರ ಕೊಕ್ಕಿ ಶಿಲುಬಿ. ಎರಡೂ ಒಂದ ಅಂತ ಹುಡುಗ್ರ ತಲ್ಯಾಗ ಕುಂತ್ರ ಎರಡು ಕಡೆ ಕೆಡುಕು, ಒಂದು ನಮ್ಮ ಮಂಗಳ ಚಿಹ್ನೆ ಕೊಲೆಗಡುಕರಿಗೆ ಹೋಗ್ತತಿ, ಇನ್ನೊಂದು ಆ ಕೊಲೆಗಡುಕರು ಏನೋ ನಮ್ಮವರ ಇದ್ದಂಗ ಹುಡುಗ್ರಿಗೆ ಅನಸ್ತತಿ, ಎರಡನೇದು ನಾ ಕಣ್ಣಾರೆ ನೋಡೀನಿ. ಯಾವ ಚಿಹ್ನೆನೂ ಬ್ಯಾಡ ಅಂತ ತಗಸಿದೆ. ಅದ ಹುಡುಗ ಅಂಚಿಗೆ ಹಳದಿ ನಕ್ಷತ್ರದ ಬಾರ್ಡರ್ ಕೊಟ್ಟಿದ್ದ, ಛಂದ ಕಾಣಲಿ ಅಂತ. ಅವನಿಗೆ ಹೇಳಿದೆ, ತಮ್ಮಾ 1941ರ ಸೆಪ್ಟೆಂಬರಿನಿಂದ ಜರ್ಮನಿಯೊಳಗ ಆರು ವರ್ಷ ದಾಟಿದ ಪ್ರತಿಯೊಬ್ಬ ಯಹೂದಿ ಇದನ್ನ ಅಂಗಿ ಮ್ಯಾಲ ಹೊಲಕೊಂಡ ಹೊರಗ ಬರಬೇಕಿತ್ತು, ಸಾಲಿ ಹುಡುಗ್ರೂ ಸೈತ. ಅಂವ ಏನೂ ಅನ್ನಲಿಲ್ಲ, ಬಾರ್ಡರ್ ಸೆಲೆಕ್ಟ್ ಮಾಡಿ ಡಿಲೀಟ್ ಹೊಡದ, ಆಮ್ಯಾಲ ಸಂಜಿತನಕ ಆ ಫೈಲ್ ಭಾಳ ನಾಜೂಕಿಲೆ ಮುಟ್ಟಿದ.

ಮೂರನೇ ಬೋರ್ಡಿನ ಕೆಳಭಾಗ ನನಗ ಎಲ್ಲಕ್ಕಿಂತ ಪ್ರೀತಿ. 1935ರ ಅಕ್ಟೋಬರ್, ಯಹೂದಿಗಳ ಯೋಮ್ ಕಿಪ್ಪುರ್, ತಪ್ಪು ಒಪ್ಪಿಕೊಂಡು ಉಪವಾಸ ಮಾಡೋ ದಿನ, ವರ್ಷದಾಗ ಅತಿ ಪವಿತ್ರ. ನ್ಯೂರೆಂಬರ್ಗ್ ಕಾನೂನು ಬಂದು ಮೂರು ವಾರ ಆಗಿತ್ತು. ಲಿಯೋ ಬೇಕ್ ಒಂದು ಪ್ರಾರ್ಥನೆ ಬರದು ದೇಶದ ಎಲ್ಲಾ ಸಿನಗಾಗ್‌ನಾಗ ಓದ್ರಿ ಅಂತ ಕಳಿಸಿದ್ರು, ಸಿನಗಾಗ್ ಅಂದ್ರ ಯಹೂದಿಗಳ ಪ್ರಾರ್ಥನಾ ಮಂದಿರ. ಅದರ ಮೊದಲ ಭಾಗ ನಮ್ಮ ಪಾಪಕ್ಕ ನಾವ ಹೊಣೆ ಅಂತ ದೇವರ ಮುಂದ ಒಪ್ಪಿಕೊಳ್ಳೋದು, ಆಮ್ಯಾಲ ನಮ್ಮ ಮ್ಯಾಲ, ನಮ್ಮ ಧರ್ಮದ ಮ್ಯಾಲ ಹೊರಸಿದ ಸುಳ್ಳನ್ನ ತಿರಸ್ಕಾರ ಮಾಡ್ತೀವಿ ಅನ್ನೋದು, ಕೊನಿಗೆ ದೇವರ ಮುಂದ ಬಾಗ್ತೀವಿ, ಮನುಷ್ಯರ ಮುಂದ ನೆಟ್ಟಗ ನಿಲ್ತೀವಿ ಅನ್ನೋ ಅರ್ಥದ ಮಾತು. ಗೆಸ್ಟಾಪೊ ಅಂದ್ರ ಅವರ ಗುಪ್ತ ಪೊಲೀಸ್, ಓದಬಾರ್ದು ಅಂತ ತಡದು ಅವರನ್ನ ಹಿಡದು ಒಳಗ ಹಾಕಿದ್ರು. ಪ್ರಾರ್ಥನೆಗೆ ಜೈಲು. ಟೈಪ್ ಮಾಡೋವಾಗ ಅಣ್ಣಾರು ಕೇಳಿದ್ದು, ಬಾಗ್ತೀವಿ ಮತ್ತು ನಿಲ್ತೀವಿ ಎರಡು ಸಾಲಿಗೆ ಬರೀಲೇನು ಒಂದ ಸಾಲಿಗೆ ಬರೀಲೇನು ಅಂತ. ಒಂದ ಸಾಲು, ಒಡೀಬ್ಯಾಡ್ರಿ ಅಂದೆ, ಅಕ್ಷರ ಸ್ವಲ್ಪ ಸಣ್ಣ ಮಾಡಿ ಒಂದ ಸಾಲಿನಾಗ ಕುಂದ್ರಸಿದ್ರು.

ಮೊದಲ ಬೋರ್ಡ್ ಸರಳ. ಹುಟ್ಟಿದ್ದು 1873ರ ಮೇ 23, ಲಿಸ್ಸಾ ಅನ್ನೋ ಊರು, ಆಗ ಜರ್ಮನಿ ಈಗ ಪೋಲೆಂಡಿನ ಲೆಶ್ನೊ, ತಂದಿನೂ ರಬ್ಬಿ. ಇದರಾಗ ನನಗ ಹಿಡಸಿದ್ದು ಒಂದ, 1900ರಾಗ ಬರ್ಲಿನ್ನಿನ ದೊಡ್ಡ ಪ್ರೊಫೆಸರ್ ಅಡಾಲ್ಫ್ ಹಾರ್ನಾಕ್ ಕ್ರೈಸ್ತ ಧರ್ಮದ ಸಾರ ಏನು ಅಂತ ಪುಸ್ತಕ ತಂದು ಅದರಾಗ ಯಹೂದಿ ಧರ್ಮವನ್ನ ಒಣ ಕಟ್ಟಳೆ ಅನ್ನೋ ಹಂಗ ಕೀಳ ಮಾಡಿ ತೋರಿಸಿದಾಗ, ಒಪ್ಪೆಲ್ನ್ ಅನ್ನೋ ಸಣ್ಣ ಊರಾಗ ರಬ್ಬಿ ಆಗಿದ್ದ ಈ ಮನುಷ್ಯಾ 1905ರಾಗ ಯಹೂದಿ ಧರ್ಮದ ಸಾರ ಏನು ಅಂತ ಪುಸ್ತಕ ಬರದು ಉತ್ತರ ಕೊಟ್ರು. ಬೈಲಿಲ್ಲ, ನಿಮ್ಮ ಧರ್ಮ ಕೆಟ್ಟದ್ದು ಅನ್ನಲಿಲ್ಲ, ನಮ್ಮದು ಏನು ಅಂತ ಹೇಳಿದ್ರು. ಸಣ್ಣ ಊರಾಗ ಕುಂತವರು ರಾಜಧಾನಿಗೆ ಉತ್ತರ ಕೊಡಬಹುದು ಅನ್ನೋದು ನಮ್ಮ ಹುಡುಗ್ರಿಗೆ ಗೊತ್ತಾಗಲಿ ಅಂತ ಹಾಕಿಸಿದೆ.

ನಾಲ್ಕನೇದು ಅವರು ದೇಶ ಬಿಡಲಾರದ್ದರ ಬಗ್ಗೆ. ಸಾಲಿಯಿಂದ ಹೊರಗ ಹಾಕಿಸಿಕೊಂಡ ಮಕ್ಕಳಿಗೆ ಬ್ಯಾರೆ ಸಾಲಿ, ಕೆಲಸ ಕಳಕೊಂಡವರಿಗೆ ಕೈಕಸುಬು ತರಬೇತಿ, ಬಡವರಿಗೆ ಊಟ ಬಟ್ಟಿ, ಹೋಗೋರಿಗೆ ಹೋಗಾಕ ಸಹಾಯ, ಇದೆಲ್ಲಾ ಆ ಸಂಸ್ಥೆ ಮಾಡಿದ್ದು. 1938ರ ನವೆಂಬರ್ 9ರ ರಾತ್ರಿ ಸಿನಗಾಗ್‌ಗಳಿಗೆ ಬೆಂಕಿ ಹಚ್ಚಿದ್ರು, ಅಂಗಡಿ ಒಡದ್ರು. ಯುದ್ಧ ಶುರು ಆಗೋದ್ರೊಳಗ ಅರ್ಧಕ್ಕಿಂತ ಹೆಚ್ಚು ಯಹೂದಿಗಳು ಜರ್ಮನಿ ಬಿಟ್ಟಿದ್ರು. ಇವರಿಗೂ ಹೊರಗಿಂದ ಕರೆ ಬಂದಿದ್ವು, ಹೆಂಡ್ತಿ 1937ರಾಗ ತೀರಿಕೊಂಡಿದ್ರು, ಮಗಳು ಇಂಗ್ಲೆಂಡಿಗೆ ಹೋದ್ರು, ಇವರು ಹೋಗ್ಲಿಲ್ಲ. ಸಮುದಾಯದ ಮಂದಿ ಇಲ್ಲಿ ಇರೋತನಕ ನಾನೂ ಇಲ್ಲೇ ಅನ್ನೋದು ಅವರ ನಿಲುವು. ಅವರ ಜೊತಿ ಸಂಸ್ಥೆ ನಡಸ್ತಿದ್ದ ಒಟ್ಟೊ ಹಿರ್ಶ್ ಅವರನ್ನ 1941ರಾಗ ಮೌತ್‌ಹೌಸೆನ್ ಶಿಬಿರದಾಗ ಕೊಂದ್ರು. ಆ ಹೆಸರು ಸಣ್ಣ ಅಕ್ಷರದಾಗ ಇತ್ತು, ಅಣ್ಣಾರ ತಾವ ದಪ್ಪ ಮಾಡಿದ್ರು.

ಐದನೇ ಬೋರ್ಡಿಗೆ ಜಗಳ ಆತು. ಜಗಳ ಅಂದ್ರ ಮಾತಿಗೆ ಮಾತು. 1943ರಾಗ ಅವರನ್ನ ಕಳಿಸಿದ್ದು ಟೆರೆಜಿನ್ ಅಂತ, ಈಗಿನ ಚೆಕ್ ದೇಶದಾಗ ಐತಿ, ಜರ್ಮನ್ ಹೆಸರು ತೆರೇಸಿಯನ್‌ಷ್ಟಾಟ್. ಹಳೇ ಕ್ವಾಟಿ ಊರು. ಅಲ್ಲಿಗೆ ಸುಮಾರು 1,40,000 ಯಹೂದಿಗಳನ್ನ ತಂದು ತುಂಬಿದ್ರು, ಅದರಾಗ ಸುಮಾರು 33,000 ಮಂದಿ ಅಲ್ಲೇ ಹಸಿವು ರೋಗದಾಗ ಸತ್ರು, 90,000ದ ಹತ್ರ ಹತ್ರ ಮಂದಿನ್ನ ಅಲ್ಲಿಂದ ಪೂರ್ವದ ಕಡೆ ಆಶ್ವಿಟ್ಜ್ ಅಂಥ ಕಡೆ ಕಳಿಸಿದ್ರು. ಎಪ್ಪತ್ತರ ಲಿಯೋ ಬೇಕ್ ಕಸದ ಗಾಡಿ ಎಳದ್ರು. ರಾತ್ರಿ ಕತ್ತಲ್ಯಾಗ ನೂರಾರು ಮಂದಿ ಒತ್ತೊತ್ತಿ ಕುಂತು ಇವರ ಬಾಯಿಂದ ಪ್ಲೇಟೊ, ಕಾಂಟ್ ಅನ್ನೋ ತತ್ವಜ್ಞಾನಿಗಳ ಪಾಠ ಕೇಳ್ತಿದ್ರು. ಇಷ್ಟು ತನಕ ಅಣ್ಣಾರಿಗೂ ಖುಷಿ.

ಅದರ ಕೆಳಗ ನಾ ಬರದಿದ್ದು, ಆಶ್ವಿಟ್ಜ್‌ದಾಗ ವಿಷದ ಗಾಳಿ ಬಿಟ್ಟು ಕೊಲ್ಲಾಕತ್ತಾರ ಅನ್ನೋ ಸುದ್ದಿ ಅಲ್ಲೇ ಇದ್ದಾಗ ಇವರ ಕಿವಿಗೆ ಬಂತು, ಇವರು ಅದನ್ನ ಉಳಿದ ಕೈದಿಗಳಿಗೆ ಹೇಳಲಿಲ್ಲ ಅಂತ. ಸಾವು ಖಾತ್ರಿ ಅಂತ ಗೊತ್ತಾಗಿ ಅದನ್ನ ಕಾಯ್ಕೊಂತ ಬದುಕೋದು ಇನ್ನೂ ಕಷ್ಟ, ಮತ್ತ ಎಲ್ಲರಿಗೂ ಸಾವು ಖಾತ್ರಿ ಇರಲಿಲ್ಲ, ಕೆಲವರನ್ನ ಕೂಲಿಗೆ ಆರಿಸ್ತಿದ್ರು, ಅದಕ್ಕ ಹೇಳಲಿಲ್ಲ ಅನ್ನೋದು ಯುದ್ಧ ಮುಗದ ಮ್ಯಾಲ ಅವರು ಕೊಟ್ಟ ಕಾರಣ. ಯಹೂದಿ ಚಿಂತಕಿ ಹನ್ನಾ ಅರೆಂಟ್ ಅಂಥವರು ಇದಕ್ಕ ಅವರನ್ನ ಕಟುವಾಗಿ ಟೀಕೆ ಮಾಡ್ಯಾರ.

ಅಣ್ಣಾರು ಟೈಪ್ ಮಾಡೋದು ನಿಲ್ಲಿಸಿದ್ರು. "ಅಕ್ಕಾರ ಇದನ್ನ ತಗೀರಿ, ದೊಡ್ಡವರ ಬೋರ್ಡಿನ ಮ್ಯಾಲ ಇಂಥಾದ್ದು ಹಾಕಂಗಿಲ್ಲ." ಅವರ ಅನುಭವ ಹಂಗ, ದಿನಾ ಮಾಡೋದು ಹುಟ್ಟುಹಬ್ಬದ ಫ್ಲೆಕ್ಸು ಇಲ್ಲಾ ಭಾವಪೂರ್ಣ ಶ್ರದ್ಧಾಂಜಲಿ, ಎರಡರಾಗೂ ಒಂದ ನಮೂನಿ ಮಾತು. ನಾನು ತಗಿಯಂಗಿಲ್ಲ ಅಂದೆ. ಪೂರ್ತಿ ದೇವರ ಹಂಗ ಮಾಡಿ ನಿಲ್ಲಿಸಿದ್ರ ಹುಡುಗ್ರು ಕೈ ಮುಗದು ಮುಂದ ಹೋಗ್ತಾರ, ಓದಂಗಿಲ್ಲ. ಮತ್ತ ಯಹೂದಿ ದ್ವೇಷ ಎಂಥಾದ್ದು ಅಂತ ತಿಳಿಬೇಕಂದ್ರ ಅದು ಒಬ್ಬ ಒಳ್ಳೆ ಮನುಷ್ಯಾನ ಮುಂದ ಎಂಥ ಎರಡು ದಾರಿ ತಂದಿಟ್ಟಿತ್ತು ಅಂತ ನೋಡಬೇಕು, ಎರಡೂ ಕೆಟ್ಟವು, ಆರಿಸ್ಕೊಂಡಿದ್ದಕ್ಕ ಬೈಸಿಕೊಳ್ಳೋದು ಇವರ ಪಾಲಿಗೆ. ನನ್ನ ಸ್ವಂತ ಅಭಿಪ್ರಾಯ ಕೇಳಿದ್ರ ಹೇಳಬೇಕಿತ್ತು ಅಂತೀನಿ, ಸಾವಿನ ಸುದ್ದಿ ಆದ್ರೂ ಅದು ಅವರ ಸುದ್ದಿ, ಇನ್ನೊಬ್ಬರು ಇಟ್ಕೊಳ್ಳೋದಲ್ಲ. ಅಣ್ಣಾರು ಒಪ್ಪಲಿಲ್ಲ, "ನೀವು ಹೇಳ್ತಿದ್ರಿ, ನಾ ಹೇಳ್ತಿರಲಿಲ್ಲ" ಅಂದ್ರು. ಅರ್ಧ ತಾಸು ಆತು, ಚಾ ಬಂತು ಕುಡದ್ವಿ, ಲಗ್ನಪತ್ರಿಕೆ ಗಿರಾಕಿ ಬಂದು ನಿಂತು ತಾನೂ ಕೇಳಾಕತ್ತಿದ್ದ. ಕೊನಿಗೆ ಅಣ್ಣಾರ ಒಂದು ಉಪಾಯ ಹೇಳಿದ್ರು, ಬೋರ್ಡಿನ ಕೆಳಗ ಒಂದು ಫೂಟು ಖಾಲಿ ಬಿಡೋಣ್ರಿ, ಮ್ಯಾಲ "ನೀವಾಗಿದ್ದರೆ?" ಅಂತ ಬರಿಯೋಣ, ಹುಡುಗ್ರ ಚೀಟಿ ಬರದು ಹಚ್ಚಲಿ. ಅದಕ್ಕ ಅಳತಿ ಎಲ್ಲಾ ಹೊಸದಾಗಿ ಮಾಡಬೇಕಾತು, ಎಕ್ಸ್ಟ್ರಾ ರೊಕ್ಕ ಕೇಳಲಿಲ್ಲ.

ಆರನೇ ಬೋರ್ಡ್ ಬಿಡುಗಡೆ ಆದ ಮ್ಯಾಲಿನದು. 1945ರ ಮೇದಾಗ ಸೋವಿಯತ್ ಸೈನ್ಯ ಬಂತು, ಇವರು ಕೂಡಲೇ ಹೊರಡಲಿಲ್ಲ, ಟೈಫಸ್ ಅನ್ನೋ ಜ್ವರ ಹರಡಿತ್ತು, ರೋಗಿಗಳ ಜೊತಿ ಇದ್ದು ಆಮ್ಯಾಲ ಲಂಡನ್ನಿಗೆ ಹೋದ್ರು. 1955ರಾಗ ಜರ್ಮನ್ ಯಹೂದಿಗಳ ಇತಿಹಾಸ ಉಳಸಾಕ ಅವರ ಹೆಸರಿಲೆ ಲಿಯೋ ಬೇಕ್ ಇನ್ಸ್ಟಿಟ್ಯೂಟ್ ಶುರು ಆತು, ಜೆರುಸಲೇಮ್, ಲಂಡನ್, ನ್ಯೂಯಾರ್ಕ್ ಮೂರು ಕಡೆ. 1956ರ ನವೆಂಬರ್ 2ಕ್ಕ ತೀರಿಕೊಂಡ್ರು. ಮರುವರ್ಷ ಪಶ್ಚಿಮ ಜರ್ಮನಿ ಅಂಚೆ ಇಲಾಖೆ ಅವರ ಮುಖದ ಸ್ಟಾಂಪ್ ತಂತು. ನೀವು ಇಲ್ಲಿಯವರಲ್ಲ ಅಂದಿದ್ದ ದೇಶದ ಪಾಕೀಟಿನ ಮ್ಯಾಲ ಅವರ ಮುಖ. ಸ್ಟಾಂಪಿನ ಚಿತ್ರ ದೊಡ್ಡದು ಮಾಡಿದ್ರ ಒಡದು ಕಾಣ್ತಿತ್ತು, ಅಣ್ಣಾರು ಹಠ ಮಾಡದ ಸ್ಟಾಂಪ್ ಸ್ಟಾಂಪಿನಷ್ಟ ಇರಲಿ ಅಂತ ಅಂಗೈ ಅಗಲ ಇಟ್ಟು ಸುತ್ತಲೂ ಬಿಳಿ ಬಿಟ್ರು, ಭಾಳ ಛಂದ ಬಂತು.

ಈಗ ಉಳಿದ ಅರ್ಧ ಸ್ಟಾರು. ಜನವರಿ ಅಂದ್ರ ಕೊಪ್ಪಳಕ್ಕ ಗವಿಸಿದ್ಧೇಶ್ವರ ಜಾತ್ರಿ, ಊರ ತುಂಬ ಸ್ವಾಗತದ ಬ್ಯಾನರು, ಅದರ ಬೆನ್ನಿಗೆ 26ನೇ ತಾರೀಖು, ಪ್ರಿಂಟ್ ಹಾಕೋ ಮಷಿನ್ ಇವರದಲ್ಲ, ಹೊರಗ ಕೊಡ್ತಾರ, ಅಲ್ಲಿ ಎರಡು ದಿನ ತಡ ಆತು. 24ಕ್ಕ ಕೊಡ್ತೀನಿ ಅಂದವರು 26ರ ಸಂಜಿ ಏಳಕ್ಕ ಕೊಟ್ರು, ನಾನು ಧ್ವಜಾರೋಹಣ ಮುಗಿಸಿ ಅಂಗಡಿ ಮುಂದ ಕುಂತಿದ್ದೆ. ನಾಲ್ಕನೇ ಬೋರ್ಡಿನ ಮೂಲ್ಯಾಗ ವಿನೈಲ್ ಹಚ್ಚೋವಾಗ ಗಾಳಿ ಹಿಡದು ಗುಳ್ಳಿ ಬಂದಾವು. ಎರಡು ಬೋರ್ಡಿನ ಕಂದು ಬಣ್ಣ ಉಳದ ನಾಲ್ಕಕ್ಕ ಮ್ಯಾಚ್ ಆಗಿಲ್ಲ. ಇದನ್ನ ಹೇಳಿದ್ರ ಅಣ್ಣಾರು ವಾದ ಮಾಡಲಿಲ್ಲ, ಬಿಲ್ಲಿನಾಗ ಕಡಿಮಿ ಮಾಡಿದ್ರು. ಎರಡು ಫೂಟು ಮೂರು ಫೂಟಿನ ಆರು ಸನ್‌ಬೋರ್ಡ್, 36 ಚದರ ಅಡಿ, ಅಡಿಗೆ 55 ರೂಪಾಯಿ ಅಂದ್ರ 1,980, ಟೈಪಿಂಗ್ ತಿದ್ದುಪಡಿ 200, ಪ್ರೂಫ್ 40, ಒಟ್ಟು 2,220 ಆಗಿತ್ತು, 2,000 ತಗೊಂಡ್ರು. ಸಾಲಿ ಲೆಕ್ಕಕ್ಕ ಬಿಲ್ ಬೇಕಂದ್ರ ಕೈಲೆ ಬರದು ಸೀಲ್ ಹೊಡದು ಕೊಟ್ರು, ನಮ್ಮ ಕಡೆ ನಡೀತು, ನಿಮ್ಮ ಆಫೀಸಿಗೆ ನಡೀತತೋ ಇಲ್ಲೋ ಮೊದ್ಲ ಕೇಳಿಕೊಳ್ರಿ.

27ಕ್ಕ ಸಾಲಿ ವರಾಂಡದಾಗ ನಿಲ್ಲಿಸಿದ್ವಿ. ನಮ್ಮ ದೇಶದಾಗೂ ಯಹೂದಿಗಳು ನೂರಾರು ವರ್ಷ ಬದುಕ್ಯಾರ, ಕೊಚ್ಚಿ ಊರಾಗ 1568ರ ಸಿನಗಾಗ್ ಇನ್ನೂ ಐತಿ ಅಂತ ಬಾಯಿಲೆ ಹೇಳಿದೆ. ಹಾಸ್ಟೆಲಿನ ಒಬ್ಬ ಹುಡುಗಿ ಎರಡನೇ ಬೋರ್ಡಿನ ಮುಂದ ನಿಂತು "ಟೀಚರ್ ಇವರನ್ನೂ ಊರ ಹೊರಗ ಇಟ್ಟಿದ್ರೇನ್ರಿ" ಅಂತ ಕೇಳಿದ್ಲು. ಆಕಿಗೆ ಗಾಂಧೀಜಿ ವಿಷಯ ಹೇಳಿದೆ, 1938ರ ನವೆಂಬರಿನಾಗ ಹರಿಜನ ಪತ್ರಿಕ್ಯಾಗ ಯಹೂದಿಗಳನ್ನ ಕ್ರೈಸ್ತ ಲೋಕದ ಅಸ್ಪೃಶ್ಯರು ಅಂತ ಬರದು, ಜರ್ಮನಿಯೊಳಗ ಸತ್ಯಾಗ್ರಹ ಮಾಡ್ರಿ ಅಂತ ಸಲಹೆ ಕೊಟ್ಟಿದ್ರು. ಲಿಯೋ ಬೇಕ್ ಸಂಸ್ಥೆಯೊಳಗ ದೊಡ್ಡವರ ಶಿಕ್ಷಣ ನೋಡಿಕೊಂಡಿದ್ದ ಯಹೂದಿ ಚಿಂತಕ ಮಾರ್ಟಿನ್ ಬೂಬರ್ 1939ರಾಗ ಗಾಂಧೀಜಿಗೆ ಉದ್ದನ ಪತ್ರ ಬರದು, ನಮ್ಮ ಪರಿಸ್ಥಿತಿ ನಿಮಗ ಗೊತ್ತಿಲ್ಲ ಅಂತ ವಿವರಿಸಿ ಹೇಳಿದ್ರು. ಹುಡುಗಿ ಮತ್ತ ಹೋಗಿ ಬೋರ್ಡ್ ಮೊದಲಿಂದ ಓದಿದ್ಲು.

ಹಿಟ್ಲರ್ ಖಡಕ್ ಅಂದಿದ್ದ ಹುಡುಗ ಬಂದ. ಆರೂ ಬೋರ್ಡ್ ಓದಿ ನನ್ನ ಹತ್ರ ಬಂದು "ಇವರು ತಿರುಗಿ ಯಾಕ ಹೊಡೀಲಿಲ್ರಿ" ಅಂದ. ಲೆಕ್ಕ ಮಾಡು ಅಂದೆ, ನೂರು ಮನಿ ಊರಾಗ ನಿಮ್ಮದು ಒಂದ ಮನಿ, ಪೊಲೀಸು ಕೋರ್ಟು ಪೇಪರು ಎಲ್ಲಾ ಆ ಕಡೆ. ಅಂವ ಏನೋ ವಿಚಾರ ಮಾಡ್ಕೊಂತ ಹೋದ, ಒಪ್ಪಿದನೋ ಇಲ್ಲೋ ನಾ ಕೇಳಲಿಲ್ಲ. ಐದನೇ ಬೋರ್ಡಿನ ಖಾಲಿ ಜಾಗದಾಗ ಸಂಜಿಗೆ ಮೂವತ್ತೊಂದು ಚೀಟಿ ಆಗಿದ್ವು. "ಹೇಳಬೇಕಿತ್ತು, ಒಬ್ಬರಾದರೂ ಓಡಿಹೋಗುತ್ತಿದ್ದರು" ಅಂತ ಒಂದು. "ನಾನಾಗಿದ್ದರೆ ಅವ್ವಗೆ ಹೇಳುತ್ತಿರಲಿಲ್ಲ, ಅಣ್ಣಗೆ ಹೇಳುತ್ತಿದ್ದೆ" ಅಂತ ಇನ್ನೊಂದು. ಚೀಟಿ ಎಲ್ಲಾ ಫೋಟೋ ತಗದು ಅಂಗಡಿ ಅಣ್ಣಾರಿಗೆ ಕಳಿಸಿದೆ, ಮರುದಿನ ಫೋನ್ ಮಾಡಿ ಒಂದೊಂದ ಓದಿ ಇದು ಯಾರು ಬರದಿದ್ದು ಅಂತ ಕೇಳಿದ್ರು.

ಬೋರ್ಡ್ ಈಗ ಸ್ಟಾಫ್ ರೂಮಿನಾಗ ಅದಾವು. ಫೈಲ್ ಅಂಗಡ್ಯಾಗ ಐತಿ, ಅರ್ಕಾವತ್ತು ಎಲ್ಲಾ ತಿದ್ದಿದ್ದು, ನುಡಿಯೊಳಗ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಯಾವ ಸಾಲಿಯವರಿಗೆ ಬೇಕಾದ್ರೂ ಡಿಸೈನ್ ಚಾರ್ಜ್ ಇಲ್ಲದ ಪ್ರಿಂಟ್ ಹಾಕಿ ಕೊಡ್ತೀನಿ ಅಂದಾರ, ಬೋರ್ಡಿನ ರೊಕ್ಕ ಅಷ್ಟ. ಡಿಸೆಂಬರಿನಾಗನ ಹೋಗ್ರಿ, ಜಾತ್ರಿ ಹತ್ರ ಬಂದ್ರ ಆಗಂಗಿಲ್ಲ. ಮಧ್ಯಾಹ್ನ ಎರಡರಿಂದ ಮೂರೂವರಿ ಶಟರ್ ಅರ್ಧ ಇಳಿಸಿರ್ತಾರ, ಒಳಗ ಇರ್ತಾರ, ಕರದ್ರ ಬರ್ತಾರ. ಐದನೇ ಬೋರ್ಡಿನ ಕೆಳಗಿನ ಖಾಲಿ ಜಾಗ ತುಂಬಿಸಿ ಕೊಡ್ರಿ ಅಂತ ಮಾತ್ರ ಕೇಳಬ್ಯಾಡ್ರಿ, ಅದು ಹಂಗ ಇರಬೇಕು.